ನಾಲ್ಕು ಬೋಲ್ಟು, ಒಂದು ಜೀವ

ಆವತ್ತು ಶನಿವಾರ. ರಾತ್ರಿ ಒಂಬತ್ತರ ಬುಲೆಟಿನ್ ಮುಗಿಸಿ ಮೈಕ್ ತೆಗೆದಿಟ್ಟಿದ್ದೆ, ಇನ್ನೂ ಮೇಕಪ್ ಕೂಡ ಒರೆಸಿಕೊಂಡಿರಲಿಲ್ಲ. ಕ್ಯಾಲಿಫೋರ್ನಿಯಾದಿಂದ ನನ್ನ ಅಕ್ಕನ ಮಗನ ವಿಡಿಯೋ ಕಾಲ್. ಅಲ್ಲಿ ಬೆಳಗ್ಗೆ. ಹುಡುಗನ ಕೈಯಲ್ಲಿ ಸ್ಪ್ಯಾನರ್, ಮುಖದ ತುಂಬಾ ಗ್ರೀಸು, ಹಿಂದೆ ಒಂದು ಕೆಂಪು ಕಾರು.

"ಮಾಮ, ರೇಸಿಂಗ್ ಸೀಟು ಹಾಕ್ತಾ ಇದೀನಿ. ನಾಲ್ಕೇ ಬೋಲ್ಟು. ಮಧ್ಯಾಹ್ನದೊಳಗೆ ಮುಗೀತು."

ಕಾರು 1990ರ ಮಾಜ್ದಾ ಮಿಯಾಟಾ. 1989ರ ಫೆಬ್ರುವರಿಯಲ್ಲಿ ಶಿಕಾಗೋ ಆಟೋ ಶೋದಲ್ಲಿ ಮೊದಲ ಸಲ ತೋರಿಸಿದ ಮಾಡೆಲ್. ಎರಡೇ ಸೀಟು, ಮಡಚಿ ಹಿಂದಕ್ಕೆ ಹಾಕುವ ಬಟ್ಟೆಯ ಟಾಪು, ಪುಟ್ಟ 1.6 ಲೀಟರ್ ಎಂಜಿನ್. ಇಡೀ ಕಾರಿನ ತೂಕ ಒಂದು ಸಾವಿರ ಕೆಜಿಯ ಆಸುಪಾಸು. ಮೂವತ್ತು ವರ್ಷ ದಾಟಿದ ಮೇಲೂ ಅಮೆರಿಕದಲ್ಲಿ ಹುಡುಗರು ಇದನ್ನ ಹುಡುಕಿ ಕೊಳ್ತಾರೆ, ವಾರಾಂತ್ಯದಲ್ಲಿ ರೇಸ್ ಟ್ರ್ಯಾಕಿಗೆ ಒಯ್ತಾರೆ. ನಮ್ಮ ಹುಡುಗನಿಗೂ ಅದೇ ಆಸೆ. ಯಾರೋ ಮಾರಿದ ಫೈಬರ್ ಗ್ಲಾಸಿನ ಬಕೆಟ್ ಸೀಟು, ಜೊತೆಗೆ ನಾಲ್ಕು ಪಟ್ಟಿಯ ಹಾರ್ನೆಸ್ ಕೊಂಡು ತಂದಿದ್ದ.

ನನಗೆ ಕಾರು ಓಡಿಸೋದು ಗೊತ್ತು, ಬಿಚ್ಚೋದು ಗೊತ್ತಿಲ್ಲ. ಆದ್ರೆ ಬೆಂಗಳೂರಿನಲ್ಲಿ ರ‍್ಯಾಲಿ ಕಾರುಗಳನ್ನ ತಯಾರು ಮಾಡಿ ಕೂದಲು ಬೆಳ್ಳಗೆ ಮಾಡಿಕೊಂಡ ಒಬ್ಬ ಗೆಳೆಯರಿದ್ದಾರೆ. ಅವರನ್ನೂ ಕಾಲ್‌ಗೆ ಸೇರಿಸಿದೆ. ಅವರು ಸೀಟಿನ ಕಡೆ ನೋಡಲೇ ಇಲ್ಲ. "ಸೀಟು ಆಮೇಲೆ ನೋಡೋಣ. ಅದರ ಕೆಳಗೇನಿದೆ, ಅದನ್ನ ತೋರಿಸಪ್ಪ" ಅಂದ್ರು.

ಹುಡುಗ ಫೋನನ್ನು ಕಾರಿನಡಿಗೆ ಹಿಡಿದ. ಹಳೇ ಸೀಟಿನ ತೂತುಗಳಿಗೆ ಹೊಸ ಬ್ರಾಕೆಟ್ ಹೊಂದಿಲ್ಲ ಅಂತ ನೆಲದ ತಗಡಿಗೇ ಹೊಸ ತೂತು ಕೊರೆದು, ಬೋಲ್ಟ್ ಇಳಿಸಿ, ಕೆಳಗೆ ಒಂದೊಂದು ವಾಷರ್ ಹಾಕಿ ನಟ್ ಬಿಗಿದಿದ್ದ. ಗೆಳೆಯರು ಒಂದು ನಿಮಿಷ ಮಾತಾಡಲಿಲ್ಲ.

ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಲೆಕ್ಕ ಮಾಡೋಣ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಹೋಗ್ತಿರೋ ದೇಹ ಅರ್ಧ ಮೀಟರ್ ದೂರದಲ್ಲಿ ನಿಂತುಬಿಟ್ಟರೆ, ಅದರ ಮೇಲೆ ಬೀಳುವ ಬಲ ಅದರ ತೂಕದ ಸುಮಾರು 20 ಪಟ್ಟು. ನಮ್ಮ ಹುಡುಗ 70 ಕೆಜಿ. ಆ ಕ್ಷಣದಲ್ಲಿ ಅವನನ್ನು ಹಿಡಿದು ನಿಲ್ಲಿಸಬೇಕಾದದ್ದು 1,400 ಕೆಜಿ ತೂಕಕ್ಕೆ ಸಮನಾದ ಬಲ. ಅಂದ್ರೆ ಅವನ ಕಾರಿಗಿಂತ ಭಾರ! ಬೆಲ್ಟಿನ ಬಕಲ್ ಸೀಟಿಗೇ ಜೋಡಿಸಿದ್ದರೆ ಇದರಲ್ಲಿ ದೊಡ್ಡ ಪಾಲು ಬರೋದು ಆ ನಾಲ್ಕು ಬೋಲ್ಟುಗಳ ಮೇಲೇ.

ಇಲ್ಲಿ ಬಹಳ ಜನ ತಪ್ಪು ತಿಳ್ಕೊಳ್ತಾರೆ. ಬೋಲ್ಟು ಮುರಿಯುತ್ತೆ ಅಂತ ಹೆದರಿ ದಪ್ಪ ಬೋಲ್ಟ್ ತರ್ತಾರೆ. ಒಳ್ಳೇ ಗ್ರೇಡಿನ 8 ಮಿ.ಮೀ. ಬೋಲ್ಟು ಸುಲಭಕ್ಕೆ ಮುರಿಯಲ್ಲ. ಹರಿಯೋದು ತಗಡು. ಬೋಲ್ಟು, ವಾಷರ್ ಎರಡೂ ತಗಡನ್ನ ಸೀಳಿಕೊಂಡು ಮೇಲೆ ಬರುತ್ತವೆ, ಸೀಟಿನ ಜೊತೆ ಮನುಷ್ಯನೂ ಹೊರಡ್ತಾನೆ. ಕಂಪನಿಯವರು ಸೀಟು ಕೂರಿಸೋ ಜಾಗವನ್ನ ಬೇರೆಯಾಗಿ ಬಲಪಡಿಸಿರೋದು ಇದಕ್ಕೇ. ಆದಷ್ಟು ಆ ಜಾಗಗಳನ್ನೇ ಬಳಸಬೇಕು. ಆ ಕಾರಿನ ಮಾಡೆಲ್‌ಗೇ ಅಂತ ಮಾಡಿದ ಬ್ರಾಕೆಟ್ ಕೊಂಡರೆ ಅರ್ಧ ತಲೆನೋವು ಅಲ್ಲಿಗೇ ಹೋಯ್ತು.

ಹೊಸ ತೂತು ಕೊರೆಯಲೇಬೇಕು ಅನ್ನೋರಿಗೆ ಅಂತಾರಾಷ್ಟ್ರೀಯ ಮೋಟಾರು ಕ್ರೀಡೆಯ ನಿಯಮ ಬರೆಯುವ ಎಫ್‌ಐಎ ಒಂದು ಅಳತೆ ಕೊಟ್ಟಿದೆ. ಬೋಲ್ಟು ಕನಿಷ್ಠ 8 ಮಿ.ಮೀ. ಬ್ರಾಕೆಟ್ ಉಕ್ಕಿನದಾದರೆ ಕನಿಷ್ಠ 3 ಮಿ.ಮೀ. ದಪ್ಪ, ಅಲ್ಯೂಮಿನಿಯಂ ಥರದ ಹಗುರ ಲೋಹವಾದರೆ 5 ಮಿ.ಮೀ. ಪ್ರತಿ ಬೋಲ್ಟಿನ ಕೆಳಗೆ, ತಗಡಿನ ಆಚೆ ಬದಿಯಲ್ಲಿ, ಒಂದು ಲೋಹದ ಪ್ಲೇಟು. ಅದು ತಗಡಿಗೆ ತಾಗುವ ಜಾಗ ಕನಿಷ್ಠ 40 ಚದರ ಸೆಂ.ಮೀ. ಎರಡು ಬೆಂಕಿಪೊಟ್ಟಣ ಪಕ್ಕಪಕ್ಕ ಇಟ್ಟರೆ ಎಷ್ಟಾಗುತ್ತೋ, ಅದಕ್ಕಿಂತ ತುಸು ಜಾಸ್ತಿ. ನಮ್ಮ ಹುಡುಗನ ವಾಷರ್? ಐದು ಚದರ ಸೆಂ.ಮೀ. ಕೂಡ ಇರಲಿಲ್ಲ.

ಅದೂ ಮೂವತ್ತು ವರ್ಷದ ತಗಡು. ಕಾರ್ಪೆಟ್ ಎತ್ತಿ ನೋಡು ಅಂದ್ರು ಗೆಳೆಯರು. ಬಟ್ಟೆಯ ಟಾಪಿನ ಕಾರುಗಳಲ್ಲಿ ನೀರು ಸೋರಿ ಕಾರ್ಪೆಟ್ ಅಡಿಯಲ್ಲಿ ನಿಲ್ಲುತ್ತೆ. ಮೇಲೆ ಪೇಂಟು ಚೆನ್ನಾಗಿರುತ್ತೆ, ಸ್ಕ್ರೂಡ್ರೈವರಿನಲ್ಲಿ ಕುಟ್ಟಿದ್ರೆ ಪುಡಿ ಉದುರುತ್ತೆ. ತುಕ್ಕು ಹಿಡಿದ ಜಾಗಕ್ಕೆ ಎಂಥ ಪ್ಲೇಟು ಹಾಕಿದ್ರೂ ಏನು ಪ್ರಯೋಜನ? ಮೊದಲು ಅದನ್ನ ಕತ್ತರಿಸಿ ಹೊಸ ತಗಡು ಬೆಸೆಯಬೇಕು.

ಆಮೇಲೆ ಹಾರ್ನೆಸ್ ವಿಷಯ ಬಂತು. ಇದಕ್ಕೆ ನಿಜವಾಗಲೂ ಬೈಸಿಕೊಂಡ. ಭುಜದ ಪಟ್ಟಿಗಳನ್ನ ಸೀಟಿನ ಹಿಂದೆ ನೆಲಕ್ಕೆ ಬಿಗಿಯೋ ಯೋಚನೆ ಅವನದು. ನೋಡೋಕೆ ಅಚ್ಚುಕಟ್ಟು. ಆದ್ರೆ ಡಿಕ್ಕಿಯಲ್ಲಿ ದೇಹ ಮುಂದಕ್ಕೆ ನುಗ್ಗಿದಾಗ ಆ ಪಟ್ಟಿಗಳು ಭುಜವನ್ನ ಹಿಂದಕ್ಕೆ ಹಿಡಿಯೋ ಬದಲು ಕೆಳಕ್ಕೆ ಜಗ್ಗುತ್ತವೆ. ಬೆನ್ನುಮೂಳೆ ಒತ್ತಿ ಕುಸಿಯುತ್ತೆ. ಭುಜದ ಪಟ್ಟಿ ಹಿಂದಕ್ಕೆ ಹೆಚ್ಚುಕಡಿಮೆ ಮಟ್ಟಸವಾಗಿ ಹೋಗಬೇಕು. ಇಳಿಜಾರು 10 ಡಿಗ್ರಿ ಮೀರದಿರಲಿ ಅನ್ನೋದು ಎಫ್‌ಐಎ ಸಲಹೆ, 45 ದಾಟಲೇಬಾರದು ಅನ್ನೋದು ನಿಯಮ. ಇನ್ನು, ತೊಡೆಗಳ ನಡುವಿನ ಪಟ್ಟಿ ಇಲ್ಲದ ಹಾರ್ನೆಸ್‌ನಲ್ಲಿ ಸೊಂಟ ಕೆಳಗಿನಿಂದ ಜಾರಿ, ಪಟ್ಟಿ ಹೊಟ್ಟೆಯ ಮೇಲೆ ಏರುತ್ತೆ. ಸೊಂಟದ ಎಲುಬು ತಡೆಯೋ ಪೆಟ್ಟನ್ನ ಕರುಳು ತಡೆಯೋಕಾಗುತ್ತಾ?

ಎಲ್ಲಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ಮಿಯಾಟಾಗೆ ಗಟ್ಟಿ ಛಾವಣಿ ಇಲ್ಲ. ಕಾರು ಪಲ್ಟಿ ಹೊಡೆದರೆ ಮಾಮೂಲಿ ಬೆಲ್ಟ್ ಹಾಕಿದವನ ಮೈ ಪಕ್ಕಕ್ಕೆ ಒಂದಿಷ್ಟು ಬಾಗಬಹುದು. ಹಾರ್ನೆಸ್ ಬಿಗಿದವನು ಕಂಬದ ಹಾಗೆ ನೆಟ್ಟಗೆ ಕೂತಿರ್ತಾನೆ, ನೆಲಕ್ಕೆ ಬಡಿಯೋದು ತಲೆ. ಅದಕ್ಕೇ ರೋಲ್ ಬಾರ್ ಇಲ್ಲದೆ ಹಾರ್ನೆಸ್ ಬೇಡ. ರೋಲ್ ಬಾರ್ ಹಾಕಿಸಿ ಅದರ ತುದಿಯಿಂದ ಮುಂದಿನ ಗಾಜಿನ ಚೌಕಟ್ಟಿನ ತುದಿಗೆ ಒಂದು ಪೊರಕೆ ಕೋಲು ಇಟ್ಟು ನೋಡ್ತಾರೆ. ಹೆಲ್ಮೆಟ್ ಆ ಕೋಲಿಗಿಂತ ಕೆಳಗಿರಬೇಕು. ಅಲ್ಲಿನ ಅನೇಕ ಟ್ರ್ಯಾಕ್ ಆಯೋಜಕರು ಈ ಪರೀಕ್ಷೆ ಆಗದೆ ಕಾರು ಒಳಗೆ ಬಿಡಲ್ಲ. ಆದ್ರೆ ಹೆಲ್ಮೆಟ್ ಇಲ್ಲದೆ ಸೋಮವಾರ ಆಫೀಸಿಗೆ ಹೊರಟಾಗ ಅದೇ ರೋಲ್ ಬಾರ್ ಹಿಂದಲೆಗೆ ಬಡಿಯೋ ಕಬ್ಬಿಣ. ಒಂದು ಕಡೆ ಕಾಪಾಡೋದು ಇನ್ನೊಂದು ಕಡೆ ಕೊಲ್ಲಬಹುದು.

ಅಂದ್ರೆ ರಸ್ತೆಗೆ? ಕಂಪನಿಯ ಮೂರು ಬಿಂದುವಿನ ಬೆಲ್ಟೇ ಇರಲಿ. ಆದ್ರೆ ಬಕೆಟ್ ಸೀಟಿನ ಎತ್ತರದ ಅಂಚಿನ ಮೇಲೆ ಹಾದು ಬೆಲ್ಟ್ ತೊಡೆಯಿಂದ ಎರಡು ಬೆರಳು ಮೇಲೆ ತೇಲ್ತಾ ಇದ್ರೆ ಆ ಸೀಟು ರಸ್ತೆಗೆ ಲಾಯಕ್ಕಲ್ಲ. ಪಟ್ಟಿ ಸೊಂಟದ ಎಲುಬಿನ ಮೇಲೆ ಕೂರಲೇಬೇಕು. ಹಳೇ ಸೀಟಿನ ಜೊತೆ ಬಿಚ್ಚಿಬಂದ ಬಕಲ್ ಬಗ್ಗೆ ಕೇಳಿದ್ರೆ ಹುಡುಗ, "ಎಲ್ಲಾದ್ರೂ ಸಿಗಿಸ್ತೀನಿ ಅಂಕಲ್" ಅಂದ. ಗೆಳೆಯರ ಧ್ವನಿ ಏರಿದ್ದು ಆಗಲೇ. "ಎಲ್ಲಾದ್ರೂ ಸಿಗಿಸೋಕೆ ಅದು ಕ್ಯಾಲೆಂಡರ್ ಅಲ್ಲಪ್ಪ!"

ಒಂದು ಮಾತು ನಮ್ಮೂರಿನವರಿಗೆ. ಕಂಪನಿ ಕೊಟ್ಟ ಮೂಲ ವಿನ್ಯಾಸಕ್ಕೆ ವಿರುದ್ಧವಾಗಿ ವಾಹನ ಮಾರ್ಪಡಿಸುವಂತಿಲ್ಲ ಅಂತ ನಮ್ಮ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲೇ ಹೇಳಿದೆ, ಹಾಗಾಗಿ ಇದನ್ನ ಓದಿ ಯಾರೂ ಸ್ಪ್ಯಾನರ್ ಹಿಡಿಯಬೇಡಿ. ಆದ್ರೆ ಸೀಟ್ ಕವರ್ ಹಾಕಿಸೋಕೆ ಜೆ.ಸಿ. ರಸ್ತೆಗೆ ಹೋಗ್ತೀರಲ್ಲ, ಮೊದಲು ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಅಂತ ಸಣ್ಣ ಚೀಟಿ ಇದೆಯಾ ನೋಡಿ. ಇದ್ದರೆ ಆ ಏರ್‌ಬ್ಯಾಗ್ ಸೀಟಿನ ಹೊಲಿಗೆ ಬಿಚ್ಚಿಕೊಂಡೇ ಹೊರಬರಬೇಕು. ಅದರ ಮೇಲೆ ದಪ್ಪ ಕವರ್ ಬಿಗಿದರೆ ದಾರಿ ಎಲ್ಲಿ? ಇಂಥ ಕಾರಿನಲ್ಲಿ ಸೀಟನ್ನೇ ತೆಗೆದರೆ ಏರ್‌ಬ್ಯಾಗೂ ಅದರ ಜೊತೆಗೇ ಹೋಯ್ತು. ಹಳೇ ಮಿಯಾಟಾದಲ್ಲಿ ಆ ತೊಡಕಿಲ್ಲ. ಅದರ ಏರ್‌ಬ್ಯಾಗ್ ಇರೋದು ಸ್ಟೀರಿಂಗ್‌ನಲ್ಲಿ.

ಕೊನೆಗೆ ಗೆಳೆಯರು ಕೇಳಿದ್ದು ಸೀಟಿನ ಹಿಂಬದಿಯ ಲೇಬಲ್. ಎಫ್‌ಐಎಯ 8855-1999 ಮಾನದಂಡದ ಸೀಟಿಗೆ ತಯಾರಾದ ದಿನದಿಂದ ಐದು ವರ್ಷ ಆಯುಸ್ಸು. ಫೈಬರ್ ಗ್ಲಾಸಿನೊಳಗಿನ ಬಿರುಕು ಹೊರಗೆ ಕಾಣಲ್ಲ. ಹಿಂದಿನ ಮಾಲೀಕ ಅದನ್ನ ಯಾವ ಗೋಡೆಗೆ ಗುದ್ದಿದ್ದನೋ ಯಾರಿಗೆ ಗೊತ್ತು? ಹುಡುಗ ಒರೆಸಿ ಓದಿದ: 2009.

ಎರಡು ತಿಂಗಳಾದ ಮೇಲೆ ಫೋಟೋ ಕಳಿಸಿದ್ದ. ಕೊರೆದ ತೂತುಗಳನ್ನ ವೆಲ್ಡ್ ಮಾಡಿಸಿ ಮುಚ್ಚಿದ್ದಾನೆ, ಕಂಪನಿಯ ಹಳೇ ಸೀಟು ತನ್ನ ಜಾಗಕ್ಕೆ ವಾಪಸ್ ಬಂದಿದೆ, ರೋಲ್ ಬಾರ್‌ಗೆ ದುಡ್ಡು ಕೂಡಿಸ್ತಾ ಇದ್ದಾನಂತೆ. ಆ 2009ರ ಬಕೆಟ್ ಸೀಟಿಗೆ ಕೆಳಗೆ ಚಕ್ರ ಹಾಕಿಸಿ ಕಂಪ್ಯೂಟರ್ ಮುಂದೆ ಇಟ್ಟುಕೊಂಡಿದ್ದಾನೆ.