ಪ್ರಯೋಗಶಾಲೆಯೂ ಊರಿನ ಆಸ್ತಿ

ಮಲೆನಾಡಿಗೂ ಪ್ರಯೋಗಶಾಲೆಗೂ ಇರುವ ನಂಟು ಇಂದು ನಿನ್ನೆಯದಲ್ಲ. ಕಾಫಿ ಗಿಡದ ಎಲೆರೋಗಕ್ಕೆ ಪರಿಹಾರ ಹುಡುಕಲೆಂದು ಮೈಸೂರು ಸರ್ಕಾರ 1915ರಲ್ಲಿ ಕೊಪ್ಪದಲ್ಲಿ ತಾತ್ಕಾಲಿಕ ಸಂಶೋಧನಾ ಘಟಕವೊಂದನ್ನು ತೆರೆಯಿತು. ಹತ್ತು ವರ್ಷಗಳ ತರುವಾಯ, 1925ರಲ್ಲಿ, ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕೇಂದ್ರ ನೆಲೆಗೊಂಡಿತು. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣಗಳ ಬೋರ್ಡೋ ದ್ರಾವಣ ರೂಢಿಗೆ ಬಂದದ್ದರ ಹಿಂದೆಯೂ ಕೋಲ್ಮನ್ ಅವರಂಥ ವಿಜ್ಞಾನಿಗಳ ದುಡಿಮೆಯಿದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ತೋಟಗಳು ಹೀಗೆ ವಿಜ್ಞಾನಕ್ಕೆ ಋಣಿಯಾಗಿವೆ.

ಆದರೂ ಈ ತೋಟಗಳ ಮಕ್ಕಳು, ಅಲ್ಲಿ ದುಡಿಯುವವರ ಮಕ್ಕಳು ಓದುವ ಕಾಲೇಜಿನ ಪ್ರಯೋಗಶಾಲೆಯನ್ನು ಹೊಸದಾಗಿಸಬೇಕೆಂದು ರಶೀದಿ ಪುಸ್ತಕ ಹಿಡಿದು ಹೊರಟರೆ ಎರಡು ಪ್ರಶ್ನೆಗಳು ಎದುರಾಗುತ್ತವೆ. 'ಅದು ಸರ್ಕಾರದ ಕೆಲಸವಲ್ಲವೆ?' ಎಂಬುದು ಮೊದಲನೆಯದು. 'ರಾಮನ್ ಅವರಿಗೆ ಸರಳ ಉಪಕರಣಗಳೇ ಸಾಕಾಗಲಿಲ್ಲವೆ?' ಎಂಬುದು ಎರಡನೆಯದು.

ಉಪಕರಣಗಳು ಸರಳವಾಗಿದ್ದವು, ನಿಜ. ಆದರೆ ಅವುಗಳನ್ನಿಟ್ಟು ದುಡಿಯಲು ಒಂದು ಮನೆ ಬೇಕಾಗಿತ್ತು. ಆ ಮನೆಯನ್ನು ಕಲ್ಕತ್ತೆಯ ವೈದ್ಯ ಮಹೇಂದ್ರಲಾಲ್ ಸರ್ಕಾರ್ ಅವರು ಸಾರ್ವಜನಿಕರಿಂದ ಚಂದಾ ಎತ್ತಿ 1876ರಲ್ಲಿ ಸ್ಥಾಪಿಸಿದ್ದರು. ಹೆಸರು ಸರ್ಕಾರ್ ಆದರೂ ಹಣ ಜನರದು! ಅವರು 1904ರಲ್ಲಿ ತೀರಿಕೊಂಡರು. ರಾಮನ್ ಅಲ್ಲಿಗೆ ಕಾಲಿಟ್ಟದ್ದು 1907ರಲ್ಲಿ. ಬೆಳಕಿನ ಗುಟ್ಟು ಒಡೆದದ್ದು 1928ರಲ್ಲಿ. ನೆಟ್ಟವರು ಫಲವನ್ನು ಕಾಣಲಿಲ್ಲ. ಅಡಿಕೆ ಸಸಿ ನೆಡುವ ನಮಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾನು ಓದುವಾಗ ಹನ್ನೆರಡು ಮಂದಿಗೆ ಒಂದೇ ಸೂಕ್ಷ್ಮದರ್ಶಕ. ನನ್ನ ಸರದಿ ಬರುವ ವೇಳೆಗೆ ಗಂಟೆ ಹೊಡೆಯುತ್ತಿತ್ತು. ಪುಸ್ತಕದ ಚಿತ್ರವನ್ನೇ ರೆಕಾರ್ಡಿಗೆ ಇಳಿಸಿ ಅಂಕ ಪಡೆದೆ. ಕಾಣದ್ದನ್ನು ಕಂಡೆನೆಂದು ಬರೆಯುವುದು ವಿಜ್ಞಾನದಲ್ಲಿ ದೊಡ್ಡ ಸುಳ್ಳು. ಬಡ ಪ್ರಯೋಗಶಾಲೆ ಕಲಿಸುವ ಮೊದಲ ಪಾಠವೇ ಅದು.

ಮಲೆನಾಡಿನಲ್ಲಿ ಇನ್ನೊಂದು ತೊಡಕು, ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಥಂಡಿಯಲ್ಲಿ ಮಸೂರಗಳಿಗೆ ಬೂಸಲು ಹಿಡಿಯುತ್ತದೆ, ತಕ್ಕಡಿ ತುಕ್ಕು ತಿನ್ನುತ್ತದೆ, ಸೀಸೆಯಲ್ಲಿ ಲವಣಗಳು ನೀರೊಡೆಯುತ್ತವೆ. ಆದ್ದರಿಂದ ಒಮ್ಮೆ ಕೊಂಡು, ಗೋಡೆಯ ಮೇಲೆ ದಾನಿಗಳ ಹೆಸರು ಕೆತ್ತಿಸಿದರೆ ಸಾಲದು. ಕೂಡಿಸಿದ ಹಣದಲ್ಲಿ ಒಂದು ಪಾಲನ್ನು ಮುಟ್ಟದ ದತ್ತಿಯಾಗಿಟ್ಟು, ಅದರ ಬಡ್ಡಿಯಿಂದ ವರ್ಷವರ್ಷವೂ ದುರಸ್ತಿ ನಡೆಸಬೇಕು. ಲೆಕ್ಕವನ್ನು ಊರ ಮುಂದಿಡಬೇಕು. ಲೆಕ್ಕ ಕಂಡ ಕೈ ಮತ್ತೆ ಕೊಡುತ್ತದೆ.

ಈ ಸೀಮೆಯ ಅಡಿಕೆ ತೋಟಗಳನ್ನು ಹಳದಿ ಎಲೆ ರೋಗ ದಶಕಗಳಿಂದ ಕಾಡುತ್ತಿದೆ; ಅದಕ್ಕೆ ಪೂರ್ಣ ಮದ್ದು ಇನ್ನೂ ದೊರೆತಿಲ್ಲ. ಅದನ್ನು ಕಂಡುಹಿಡಿಯುವ ಕಣ್ಣು ಇಲ್ಲಿಯದೇ ಒಂದು ಮಗುವಿನದಾಗಿರಬಹುದು. ಸೂಕ್ಷ್ಮದರ್ಶಕದ ಮುಂದೆ ಆ ಮಗುವಿನ ಸರದಿ ಬರುವ ಮೊದಲೇ ಗಂಟೆ ಹೊಡೆಯದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ.