ಕಂಪ್ಯೂಟರ್ ಗೊಂಬೆಗೆ ಇಳಕಲ್ ಸೀರೆ

ಬೆಳಿಗ್ಗೆ ರೊಟ್ಟಿ ತಟ್ಟುತ್ತಿದ್ದೆ. ಕಾಲೇಜಿಗೆ ರಜೆಯಿದ್ದ ಮಗಳು ಅಡುಗೆಮನೆ ಬಾಗಿಲಿಗೆ ಬಂದು, "ಅಮ್ಮಾ, ಅಜ್ಜಿದು ಇಳಕಲ್ ಸೀರೆ ಕೊಡ್ತೀಯಾ? ನನ್ನ ಗೊಂಬೆಗೆ ಬೇಕು" ಅಂದಳು. ಹತ್ತೊಂಬತ್ತು ತುಂಬಿದ ಹುಡುಗಿಗೆ ಗೊಂಬೆಯೇ ಎಂದು ನಗು ಬಂತು.

ಗೊಂಬೆ ಇದ್ದದ್ದು ಕಂಪ್ಯೂಟರಿನೊಳಗೆ. 'ದಿ ಸಿಮ್ಸ್' ಎಂಬ ಆಟವಂತೆ. ಸೋಲು ಗೆಲುವು ಇಲ್ಲ, ಸಂಸಾರ ಮಾಡಬೇಕು, ಅಷ್ಟೆ. ಗೊಂಬೆಗೆ ಹಸಿವಾದರೆ ಅಡುಗೆ, ದಣಿವಾದರೆ ಹಾಸಿಗೆ. ನಾವು ದಿನಾ ಮಾಡೋದು ಇದೇ ಅಲ್ಲವೇ ಸೋದರಿಯರೇ, ಇದನ್ನೂ ಆಟ ಅಂತಾರೆಯೇ ಎನಿಸಿತು. ಮಾಡಿದವರು ಅಮೆರಿಕದ ವಿಲ್ ರೈಟ್. 1991ರಲ್ಲಿ ಓಕ್‌ಲ್ಯಾಂಡ್ ಗುಡ್ಡಗಳಿಗೆ ಬಿದ್ದ ಬೆಂಕಿಯಲ್ಲಿ ಅವರ ಮನೆ ಸುಟ್ಟುಹೋಯಿತು. ಒಂದೊಂದೇ ಸಾಮಾನು ಮತ್ತೆ ಕೂಡಿಸುವಾಗ, ಮನೆಗೆ ನಿಜವಾಗಿ ಏನೇನು ಬೇಕು ಎಂಬ ಯೋಚನೆ ಹತ್ತಿತು. 2000ದಲ್ಲಿ ಅದು ಆಟವಾಗಿ ಹೊರಬಂತು. ಮಗಳು ಆಡುವುದು 2014ರಲ್ಲಿ ಬಂದ ನಾಲ್ಕನೆಯದು.

ಅದರಲ್ಲಿ ರಕ್ತ ಹೀರುವ ಪಿಶಾಚಿಗಳಿದ್ದಾರೆ, ಮಂತ್ರವಾದಿಗಳಿದ್ದಾರೆ. ಕಂಪನಿಯವರು ಕೊಡದ್ದನ್ನು ಆಡುವವರೇ ಮನೆಯಲ್ಲಿ ಕೂತು ಮಾಡಿ ಹಂಚುತ್ತಾರೆ. ಹಳೇ ಯೂರೋಪಿನ ಗೌನು, ರಾಜರ ಕಿರೀಟ, ಚೂಪು ಕಿವಿ, ಕೊಂಬು, ರೆಕ್ಕೆ, ಎಲ್ಲಾ ಉಂಟು. ನನ್ನ ಮಗಳಿಗೆ ಬೇಕಾದದ್ದು ನೂರು ವರ್ಷದ ಹಿಂದಿನ ಆನಗೋಡಿನ ಒಂದು ಮನೆ. ಅದು ಎಲ್ಲಿ ಹುಡುಕಿದರೂ ಅವಳಿಗೆ ಸಿಗಲಿಲ್ಲ.

ಸರಿ, ಟ್ರಂಕು ತೆಗೆದು ಅತ್ತೆಯವರ ಸೀರೆ ಹಾಸಿದೆ. ಇಳಕಲ್ ಸೀರೆಯ ಒಡಲು ಬೇರೆ, ಸೆರಗು ಬೇರೆ. ಮಗ್ಗದಲ್ಲಿ ಎರಡರ ಹಾಸುನೂಲನ್ನೂ ಕೊಂಡಿ ಹಾಕಿ ಕೂಡಿಸುತ್ತಾರೆ. ಕೆಂಪು ಸೆರಗು, ಅದರಲ್ಲಿ ಬಿಳಿ ತೆನೆ. ಹಣಿಗೆಯ ಹಲ್ಲಿನ ಹಾಗೆ, ಕೋಟೆಯ ಹಾಗೆ, ಜೋಳದ ತೆನೆಯ ಹಾಗೆ ಅಂಚು ಮೂಡಿರುತ್ತದೆ. ಮಗಳು ಫೋಟೋ ಹಿಡಿದು ಗೊಂಬೆಗೆ ಅಂಟಿಸಿದಳು. ನೋಡಿದರೆ ಸೆರಗು ಬಲಹೆಗಲ ಮೇಲೆ! "ಅಯ್ಯೋ ಮಾರಾಯ್ತಿ, ಇದನ್ನ ಉಟ್ಟು ನೋಡಿದೀಯೇನೇ?" ಎಂದು ಬೈದೆ. ಉಟ್ಟಿರಲಿಲ್ಲ. ಚೂಡಿದಾರದ ಕಾಲ.

ಅವತ್ತು ಮಧ್ಯಾಹ್ನ ಅವಳಿಗೇ ಉಡಿಸಿದೆ. ಎಲ್ಲಿ ಸಿಕ್ಕಿಸಬೇಕು, ನಿರಿಗೆ ಯಾವ ಕಡೆ ಮುಖ ಮಾಡಬೇಕು, ಹೊಲಕ್ಕೆ ಹೋಗುವಾಗ ಕಚ್ಚೆ ಹೇಗೆ ಎತ್ತಿ ಕಟ್ಟುತ್ತಾರೆ, ಅತ್ತೆಯವರು ಕೂತಲ್ಲಿಂದಲೇ ಹೇಳಿಕೊಟ್ಟರು. ಗೊಂಬೆಯ ಬಟ್ಟೆ ನಿಜವಾಗಿ ಬಟ್ಟೆಯಲ್ಲ, ಮೈಗೆ ಹೊಂದುವ ಚಿಪ್ಪು. ಚಿಪ್ಪಿನ ಪ್ರತಿ ಭಾಗವನ್ನೂ ಒಳಗಿನ ಮೂಳೆಗೆ ಕಟ್ಟಬೇಕು. ಮೂಳೆ ಅಲುಗಿದರೆ ಬಟ್ಟೆ ಅಲುಗುತ್ತದೆ. ನಿರಿಗೆಯನ್ನು ಎರಡು ತೊಡೆಗೂ ಹಂಚಿ ಕಟ್ಟಿದರೂ ಗೊಂಬೆ ಕೂತೊಡನೆ ಅದು ಹಿಗ್ಗಿ, ಮೊಣಕಾಲು ಹೊರಗೆ ಇಣುಕಿತು. ನಾಲ್ಕು ದಿನ ಅದನ್ನೇ ತಿದ್ದಿದಳು. ನಿರಿಗೆ ಹೆಚ್ಚು ಮಾಡಿದಷ್ಟೂ ಕಂಪ್ಯೂಟರಿಗೆ ಭಾರವಂತೆ, ಐದಕ್ಕೇ ನಿಲ್ಲಿಸಿದಳು. ನನಗೆ ಅದು ಒಪ್ಪಿಗೆಯಾಗಲಿಲ್ಲ, ಸುಮ್ಮನಾದೆ.

ಮನೆಯ ಕಂಬಕ್ಕೆಂದು ಹರಿಹರಕ್ಕೂ ಹೋಗಿಬಂದೆವು. ಹೊಯ್ಸಳರ ಕಾಲದ ಹರಿಹರೇಶ್ವರ ಗುಡಿಯ ಕಂಬ ಬಳೆ ಜೋಡಿಸಿದ ಹಾಗೆ ದುಂಡಗೆ ಕಡೆದದ್ದು. "ಗುಡಿ ಕಂಬ ರೈತನ ಮನೆಗೆ ಹಾಕ್ತಾರೇನೇ?" ಅಂದರು ಇವರು. ಅದೂ ನಿಜ. ಕಡೆಗೆ ನಮ್ಮ ಪಡಸಾಲೆಯ ಮರದ ಕಂಬವೇ ಆಟಕ್ಕೆ ಹೋಯಿತು.

ಮಕ್ಕಳು ಈ ಆಟ ಆಡುವ ಮನೆಗಳಿಗೆ ಎರಡು ಮಾತು. ಮೂಲ ಆಟ 2022ರ ಅಕ್ಟೋಬರಿನಿಂದ ಉಚಿತ. ಆಡುವವರು ಮಾಡಿದ್ದನ್ನು ಮೊದಲು ಹಣ ಕೊಟ್ಟವರಿಗೆ ತೋರಿಸಬಹುದು, ಆಮೇಲೆ ಎಲ್ಲರಿಗೂ ಬಿಟ್ಟಿ ಕೊಡಬೇಕೆಂಬುದು ಕಂಪನಿಯ ನಿಯಮ. ಇದು ತಿಳಿಯದೆ ಒಂದು ಕಿರೀಟಕ್ಕೆ ನಮ್ಮ ಮನೆಯಲ್ಲೇ ನಾನೂರು ರೂಪಾಯಿ ಹೋಯಿತು. ಇನ್ನೊಂದು, 2024ರಲ್ಲಿ ಇಂಥ ಕೆಲವು ಕಡತಗಳೊಳಗೆ ಪಾಸ್‌ವರ್ಡ್ ಕದಿಯುವ ಕಳ್ಳ ಪ್ರೋಗ್ರಾಂ ಸೇರಿಸಿದ್ದರು. ಬಟ್ಟೆ, ಕುರ್ಚಿಯ ಕಡತಕ್ಕಿಂತ, ಆಟದ ನಡೆಯನ್ನೇ ಬದಲಿಸುವ 'ಸ್ಕ್ರಿಪ್ಟ್' ಕಡತದಲ್ಲಿ ಅಪಾಯ ಹೆಚ್ಚು. ಬ್ಯಾಂಕಿನ ವ್ಯವಹಾರ ಮಾಡುವ ಕಂಪ್ಯೂಟರಿನಲ್ಲಿ ಬೇಡವೇ ಬೇಡ.

ಮೊನ್ನೆ ಗೊಂಬೆ ಸಿದ್ಧವಾಯಿತು. ಹಸಿರು ಸೀರೆ, ಕೆಂಪು ಸೆರಗು. ಅತ್ತೆಯವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಚಲೋ ಐತಿ. ಆದ್ರೆ ತಲೆ ಮ್ಯಾಲೆ ಸೆರಗೇ ಇಲ್ವಲ್ಲೇ ತಾಯಿ. ನಮ್ಮವ್ವ ಹಂಗ ಎಂದೂ ಹೊರಗೆ ಬಂದಾಕಿ ಅಲ್ಲ."

ತಲೆಯ ಮೇಲಿನ ಸೆರಗನ್ನು ಆಟದಲ್ಲಿ ಟೋಪಿಯ ಲೆಕ್ಕದಲ್ಲಿ ಬೇರೆಯೇ ಮಾಡಬೇಕಂತೆ. ಮಗಳು ಮತ್ತೆ ಕೂತಿದ್ದಾಳೆ. ಸೀರೆ ಇನ್ನೂ ಟ್ರಂಕಿಗೆ ಹೋಗಿಲ್ಲ.