ಬೂಷ್ಟಿನ ಗುರುತು ಹಿಡಿಯುವ ಬಿಳಿಯ ರಕ್ತಕಣಗಳು

ಹಳಸಿದ ರೊಟ್ಟಿಯ ಮೇಲೆ ಬೂಷ್ಟು ಬೆಳೆದುದನ್ನು ಮಕ್ಕಳೆಲ್ಲರೂ ಕಂಡಿರುವರು. ಬೂಷ್ಟು ಒಂದು ಶಿಲೀಂಧ್ರ. ಕಣ್ಣಿಗೆ ಕಾಣದ ಅದರ ಬೀಜಾಣುಗಳು ಗಡಹಿಂಗ್ಲಜದ ಹಿರಣ್ಯಕೇಶಿ ದಡದ ಮಣ್ಣಿನಲ್ಲಿಯೂ, ನಾವು ಉಸಿರಾಡುವ ಗಾಳಿಯಲ್ಲಿಯೂ ಇರುವುವು. ಆದರೂ ನಾವು ಬೇನೆ ಬೀಳದಿರಲು ಕಾರಣವೇನು?

ಅನೇಕ ಶಿಲೀಂಧ್ರಗಳ ಕೋಶಭಿತ್ತಿಯಲ್ಲಿ ಬೀಟಾ-ಗ್ಲುಕಾನ್ ಎಂಬ ದ್ರವ್ಯವುಂಟು; ನಮ್ಮ ಕೋಶಗಳಲ್ಲಿ ಅದಿಲ್ಲ. ಬಿಳಿಯ ರಕ್ತಕಣದ ಮೇಲ್ಮೈಯಲ್ಲಿರುವ ಡೆಕ್ಟಿನ್-1 ಎಂಬ ಗ್ರಾಹಕಕ್ಕೆ ಅದು ಸೋಂಕಿದೊಡನೆ, ಬಂದವನು ಪರಕೀಯನೆಂಬುದು ಕಣಕ್ಕೆ ತಿಳಿಯುವುದು. ಆಗ ಅದು ಶತ್ರುವನ್ನು ನುಂಗಿ ಒಳಗೇ ಕೊಲ್ಲುವುದು. ನುಂಗಲಾರದಷ್ಟು ನೀಳವಾದ ಎಳೆಗಳಿದ್ದರೆ, ನ್ಯೂಟ್ರೊಫಿಲ್ ಎಂಬ ಕಣಗಳು ತಮ್ಮ ಒಡಲಿನ ಡಿ.ಎನ್.ಎ.ಯನ್ನೇ ಬಲೆಯಂತೆ ಬೀಸಿ, ಬಹುಮಟ್ಟಿಗೆ ತಾವೂ ಮಡಿಯುವುವು!

2021ರ ಕೋವಿಡ್ ಹಾವಳಿಯಲ್ಲಿ ಎಷ್ಟೋ ಜನರಲ್ಲಿ ಈ ಕಾವಲು ಸಡಿಲಿತು. ಹತೋಟಿ ತಪ್ಪಿದ ಮಧುಮೇಹ, ಮಿತಿಮೀರಿದ ಸ್ಟೆರಾಯ್ಡ್ ಔಷಧ, ಇವೆರಡೂ ಬಿಳಿಯ ಕಣಗಳನ್ನು ಮಂಕಾಗಿಸಿದುವು. ಮಹಾರಾಷ್ಟ್ರ, ಕರ್ನಾಟಕಗಳಲ್ಲಿ ಅನೇಕರಿಗೆ ‘ಕಪ್ಪು ಶಿಲೀಂಧ್ರ’ ರೋಗವು ಬಂದಿತು. ಕೆಲವರು ಕಣ್ಣನ್ನು, ಕೆಲವರು ಪ್ರಾಣವನ್ನೇ ಕಳೆದುಕೊಂಡರು.